ಅಸ್ಕಾಲೆ ಉಂಡ ಮೀನೂಟ

ನಮ್ಮ ಓಣಿಯಲ್ಲಿ ಅಸ್ಕಾಲೆಯಷ್ಟು ತಿರುಗಾಟದ ಹುಚ್ಚಿನ ಹೆಂಗಸು ಇನ್ನೊಬ್ಬಳಿರಲಿಲ್ಲ. ತಿರುಗಾಟವೆಂದರೆ ದೇಶ ಸುತ್ತುವುದಲ್ಲ. ಅಡಿಸ್ ಅಬಾಬದ ಹೊಗೆ ದಾಟಿ, ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ದೂರದ ಯಾವುದಾದರೂ ಊರು. ಸೆಂದಾಫಾ, ಹೋಲೆತಾ, ದುಕೆಮ್. ನೋಡಲು ಹೋದರೆ ಅಲ್ಲಿರುವುದು ಒಂದು ಬೀದಿ, ನಾಲ್ಕು ಮಾಂಸದಂಗಡಿ, ಒಂದು ಚರ್ಚು. ಅಷ್ಟಕ್ಕೇ ಅವಳು ಹಿಂದಿನ ರಾತ್ರಿ ನಿದ್ದೆಗೆಡುತ್ತಿದ್ದಳು.

ವಾರವಿಡೀ ಹೊಗೆ ತುಂಬಿದ ಗುಡಿಸಲಲ್ಲಿ ಕೂತು ಇಂಜೆರಾ ರೊಟ್ಟಿ ಸುಟ್ಟು ಮಾರುವವಳಿಗೆ ಆ ಒಂದು ದಿನದ ಗಾಳಿ ಬೇಕೇ ಬೇಕಿತ್ತು. ಈ ಚಟ ಹತ್ತಿಸಿದವನು ಅವಳ ಗಂಡ ತದೆಸ್ಸೆ. ಬಸ್ ಕಂಡಕ್ಟರ್ ಆಗಿದ್ದ, ಭಾನುವಾರ ಹೆಂಡತಿ ಮಕ್ಕಳನ್ನು ಗೆಳೆಯರ ಬಸ್ಸಿನಲ್ಲಿ ಪುಕ್ಕಟೆ ಹತ್ತಿಸುತ್ತಿದ್ದ. ಅವನು ಸತ್ತ ಮೇಲೂ ಅವಳು ಬಿಡಲಿಲ್ಲ. ಪಕ್ಕದ ಮನೆಯ ಫನಾಯೆ, ಅಂದರೆ ನಾನು, ಬೇಡವೆಂದರೂ ಕೇಳದೆ ನನ್ನ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದಳು.

ಅವಳಿಗೆ ಇಬ್ಬರು ಮಕ್ಕಳು. ದೊಡ್ಡವನು ಎಂದಾಲೆ, ಮಾತು ಕಡಿಮೆ, ಕೈ ಬಲು ಬಿಗಿ. ಚಿಕ್ಕವಳು ವುಬಿತ್. ಬಸ್ಸು ಊರು ದಾಟುವ ಮೊದಲೇ ಚಪ್ಪಾಳೆ ತಟ್ಟಿ ಹಾಡು ಶುರು ಮಾಡುವವಳು, ಗುರುತಿಲ್ಲದ ಪ್ರಯಾಣಿಕರ ಕೈಯಲ್ಲೂ ಹಾಡಿಸುವವಳು. ಆ ಹುಡುಗಿ ಬೇರೂತಿನಲ್ಲಿ ಮನೆಗೆಲಸಕ್ಕೆ ಹೋದ ಮೇಲೆ ತಿರುಗಾಟಕ್ಕೆ ಮೊದಲಿನ ಕಳೆ ಇರಲಿಲ್ಲ. ಆದರೂ ಅಸ್ಕಾಲೆ ಹೋಗುತ್ತಿದ್ದಳು, ಭಾನುವಾರ ಸಂಜೆ ಮಗಳ ಫೋನು ಬರುತ್ತದಲ್ಲ, ಹೇಳಲು ಏನಾದರೂ ಬೇಕಲ್ಲ.

"ಎಲ್ಲಿಗೆ ಹೋಗಿದ್ರಿ? ಏನು ತಿಂದ್ರಿ? ನನ್ನ ಕಿಟಕಿ ಹತ್ರ ಯಾರು ಕೂತಿದ್ರು?" ಎಂದು ಮಗಳು ಕೇಳುವಳು.

"ಬುಟ್ಟಿ ಕೂರಿಸಿದ್ದೆ ಕಣೇ. ನಿನ್ನಷ್ಟು ಗಲಾಟೆ ಮಾಡ್ಲಿಲ್ಲ ಪಾಪ," ಎಂದು ತಾಯಿ ಹೇಳುವಳು.

ತಿಮ್ಕೆತ್ ಹಬ್ಬ ಕಳೆದ ವಾರ, ಶುಕ್ರವಾರ ಬೆಳಿಗ್ಗೆ ಎಂದಾಲೆಗೆ ಬೇರೂತಿನಿಂದ ಫೋನು ಬಂತು. ವುಬಿತ್‌ಳ ಜೊತೆಗಾತಿ ಮಾಡಿದ್ದು. ಜ್ವರ ಬಂದಿತ್ತಂತೆ, ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಹೋಗಿಬಿಟ್ಟಳಂತೆ. ಇಪ್ಪತ್ತಾರರ ಹುಡುಗಿ.

ನಮ್ಮಲ್ಲಿ ಸಾವಿನ ಸುದ್ದಿಯನ್ನು ಹಾಗೆಲ್ಲ ಹೇಳುವಂತಿಲ್ಲ. ಫೋನಿನಲ್ಲಿ ಹೇಳಬಾರದು, ಸಂಜೆ ಹೇಳಬಾರದು, ಒಬ್ಬಂಟಿಯಾಗಿದ್ದಾಗ ಹೇಳಬಾರದು. ನೆಂಟರಿಷ್ಟರೆಲ್ಲ ಬಂದು ಸೇರಬೇಕು, ಬೆಳಕು ಹರಿಯುವ ಹೊತ್ತಿಗೆ ಓಣಿಯ ಹಿರಿಯರು ಬಾಗಿಲು ತಟ್ಟಬೇಕು, ಆಗ ಹೇಳಬೇಕು. ಅಲ್ಲಿಯವರೆಗೆ ಇಡೀ ಊರಿಗೆ ಗೊತ್ತಿದ್ದರೂ ಆ ಒಂದು ಜೀವಕ್ಕೆ ಗೊತ್ತಾಗಬಾರದು.

ಹಿರಿಯರು ಸೇರಿದ್ದು ನನ್ನ ಮನೆಯಲ್ಲೇ. ಓಣಿಯ ಒಳ್ಳೆಯದು ಕೆಟ್ಟದ್ದೆಲ್ಲ ನೋಡಿಕೊಳ್ಳುವ ಇದ್ದಿರ್ ಸಂಘಕ್ಕೆ ದೆಮಿಸ್ಸೆ ಮಾಮನೇ ಯಜಮಾನ. ಅಸ್ಕಾಲೆಯ ತವರಿನವರು ಬರಲು ಶನಿವಾರ ಸಂಜೆಯಾಗುತ್ತದೆ, ಭಾನುವಾರ ಬೆಳಿಗ್ಗೆ ಹೇಳೋಣ ಎಂದು ಆತ ತೀರ್ಮಾನ ಮಾಡಿದ.

"ಶನಿವಾರ ಅವಳು ಮನೇಲಿರಬಾರ್ದು. ಡೇರೆ ತರ್ಬೇಕು, ಕುರ್ಚಿ ತರ್ಬೇಕು, ಅಡುಗೆಗೆ ಕಟ್ಟಿಗೆ ಹಾಕಿಸ್ಬೇಕು. ಎಂದಾಲೆ, ಎಲ್ಲಿಗಾದ್ರೂ ಕರ್ಕೊಂಡು ಹೋಗಪ್ಪ. ಅವಳಿಗೆ ತಿರುಗಾಟ ಅಂದ್ರೆ ಪ್ರಾಣ," ಎಂದ.

ನನಗೆ ಮೈಯೆಲ್ಲ ಉರಿಯಿತು. "ಊರಿಗೆಲ್ಲ ಗೊತ್ತು, ಹೆತ್ತವಳಿಗೆ ಗೊತ್ತಿಲ್ಲ. ಮಗಳು ಸತ್ತು ಮಲಗಿದಾಳೆ, ತಾಯಿನ ಜಾತ್ರೆಗೆ ಕಳಿಸ್ತೀರಾ?"

"ಫನಾಯೆ, ಬಾಯಿ ಮುಚ್ಚು ತಾಯಿ. ಹೊಟ್ಟೆ ತುಂಬ ಉಂಡು ಒಂದು ರಾತ್ರಿ ನೆಮ್ಮದಿಯಾಗಿ ಮಲಗ್ಲಿ. ಆಮೇಲೆ ಅವಳ ಗಂಟಲಲ್ಲಿ ಅನ್ನ ಯಾವಾಗ ಇಳಿಯುತ್ತೋ ದೇವ್ರಿಗೇ ಗೊತ್ತು. ನೀನೂ ಜೊತೇಲಿ ಹೋಗು. ಮುಖ ಮಾತ್ರ ಸರಿಯಾಗಿಟ್ಕೋ."

ನನ್ನ ಅಪ್ಪ ಸತ್ತಾಗ ನನಗೂ ಹೀಗೆಯೇ ಉಣ್ಣಿಸಿ ಹೇಳಿದ್ದರು.

ಶನಿವಾರ ಎಂದಾಲೆ ವ್ಯಾನು ಗೊತ್ತು ಮಾಡಿದ. ಅವನ ಹೆಂಡತಿ ರೋಮಾನ್, ಅತ್ತೆಯ ಫೋನನ್ನು ರಿಪೇರಿಗೆ ಕೊಟ್ಟಿದ್ದೇನೆಂದು ಹೇಳಿ ಬಚ್ಚಿಟ್ಟಳು. ಕೆರೆಗಳ ಊರು ಬಿಶೋಫ್ತುವಿಗೆ ಹೊರಟೆವು. ರಸ್ತೆಯ ಎರಡೂ ಕಡೆ ಕೊಯ್ದ ತೆಫ್ ಧಾನ್ಯದ ಹೊಲ, ಅಲ್ಲಲ್ಲಿ ಹುಲ್ಲಿನ ಮೆದೆ. ದುಕೆಮ್ ದಾಟಿದ ಮೇಲೆ ಹುಡುಗಿಯರು ಹಸಿಗಡಲೆ ಗಿಡದ ಕಟ್ಟು ಹಿಡಿದು ವ್ಯಾನಿನ ಕಡೆ ಓಡಿಬಂದರು. ಯಾವಾಗಲೂ ಒಂದು ಕಟ್ಟಿಗೆ ಚೌಕಾಸಿ ಮಾಡುವ ಎಂದಾಲೆ ಐದು ಕಟ್ಟು ತೆಗೆದು ತಾಯಿಯ ಮಡಿಲಿಗೆ ಹಾಕಿದ.

"ಏನೋ ಇದು? ನಿನ್ನ ಕೈಯಿಂದ ಕಾಸು ಬಿಚ್ಚಿಸೋದು ಅಂದ್ರೆ ದವಡೆ ಹಲ್ಲು ಕಿತ್ತ ಹಾಗೆ. ಇವತ್ತು ವ್ಯಾನು, ಕಡಲೆ! ಲಾಟರಿ ಹೊಡೀತಾ?" ಎಂದಳು ಅಸ್ಕಾಲೆ.

"ಸುಮ್ನೆ ತಿನ್ನಮ್ಮ," ಎಂದು ಅವನು ಕಿಟಕಿಯಾಚೆ ನೋಡಿದ.

ಕೆರೆಯ ದಂಡೆಗೆ ಹೋದರೆ ಅವಳು ಎಂದೂ ಹೋಟೆಲಿನಲ್ಲಿ ಉಂಡವಳಲ್ಲ. ತಾನು ಸುಟ್ಟ ಇಂಜೆರಾ ಇರುವಾಗ ಪರರದ್ದು ಯಾಕೆ ಎನ್ನುತ್ತಿದ್ದಳು. ಅಂದು ಎಂದಾಲೆ ಒಳಗೆ ಕೂರಿಸಿ, ಇಡಿಯ ಮೀನು ಕರಿಸಿ, ಕೆಂಪು ಮೆಣಸಿನ ಗೊಜ್ಜಿನ ಜೊತೆ ದೊಡ್ಡ ತಟ್ಟೆಯಲ್ಲಿ ತರಿಸಿದ. ಎಲ್ಲರೂ ಒಂದೇ ತಟ್ಟೆಗೆ ಕೈಹಾಕಿದೆವು. ಪ್ರೀತಿ ಇದ್ದವರ ಬಾಯಿಗೆ ಕೈತುತ್ತು ಇಡುವುದು ನಮ್ಮ ರೂಢಿ. ಮಗ ಇಟ್ಟ, ಸೊಸೆ ಇಟ್ಟಳು, ನಾನೂ ಇಟ್ಟೆ. ಅವಳು ನಗುತ್ತಾ, ಕೆನ್ನೆಯುಬ್ಬಿಸಿಕೊಂಡು, ಸಾಕು ಸಾಕೆಂದು ಕೈಯಾಡಿಸುತ್ತಾ ಎಲ್ಲವನ್ನೂ ತಿಂದಳು. ಉಂಡಷ್ಟೂ ಒಳ್ಳೆಯದು ಎಂಬ ದೆಮಿಸ್ಸೆ ಮಾಮನ ಮಾತನ್ನು ಮೂವರೂ ಪಾಲಿಸಿದೆವು.

ಆಮೇಲೆ ಅವಳು ಕೈ ನಿಲ್ಲಿಸಿದಳು. ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ಗೊತ್ತಾಯಿತು ಇವಳಿಗೆ ಎಂದುಕೊಂಡೆ.

"ಫೋನು ಬಚ್ಚಿಟ್ಟಿದೀರ. ಸೊಸೆ ಬೆಳಿಗ್ಗೆ ನನ್ನ ಕಾಲು ಮುಟ್ಟಿದ್ಲು. ಈ ಜಿಪುಣ ಮೀನು ಕೊಡಿಸ್ತಿದಾನೆ. ನನ್ನನ್ನೇನು ದಡ್ಡಿ ಅಂದ್ಕೊಂಡ್ರಾ?" ಅವಳ ಕಣ್ಣುಗಳು ಅರಳಿದವು. "ವುಬಿತ್ ಬರ್ತಿದಾಳೆ! ಅಲ್ವಾ? ಹೇಳ್ರೋ, ನಾಳೆ ಬರ್ತಿದಾಳೆ ತಾನೇ?"

ಇಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾಳೆ. ಹೌದು ಎನ್ನಲು ನಾಲಿಗೆ ಹೊರಳುವುದಿಲ್ಲ. ಎಂದಾಲೆ ಕೈ ತೊಳೆಯುವ ನೆಪದಲ್ಲಿ ಎದ್ದು ಹೋದ, ಬಹಳ ಹೊತ್ತು ಬರಲಿಲ್ಲ. ಕೊನೆಗೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದವನನ್ನು ನೋಡಿ ಅವಳು ನನ್ನ ಪಕ್ಕೆಗೆ ತಿವಿದಳು.

"ನೋಡೇ ಫನಾಯೆ, ಸಂತೋಷಕ್ಕೆ ಅಳ್ತಿದಾನೆ ಹುಚ್ಚು ಮುಂಡೇದು. ತಂಗಿ ಅಂದ್ರೆ ಅಷ್ಟು ಪ್ರಾಣ. ಹೋಗ್ಲಿ ಬಿಡ್ರಪ್ಪ, ನಿಮ್ಮ ಗುಟ್ಟು ನಾನು ಕೆಡಿಸಲ್ಲ. ನನಗೇನೂ ಗೊತ್ತಿಲ್ಲ!"

ನಮ್ಮ ಹಿರಿಯರು ಎಲ್ಲದಕ್ಕೂ ಒಂದು ಕ್ರಮ ಹಾಕಿಟ್ಟಿದ್ದಾರೆ. ಹೇಳದೆ ಮುಚ್ಚಿಟ್ಟ ಸುದ್ದಿ ತಾಯಿಯ ಎದೆಯಲ್ಲಿ ಹೀಗೆ ಹಬ್ಬವಾಗಿಬಿಟ್ಟರೆ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ಅಲ್ಲೇ ಹೇಳಿಬಿಡೋಣವೆಂದು ನಾನು ಎಂದಾಲೆಗೆ ಕಣ್ಸನ್ನೆ ಮಾಡಿದೆ. ಅವನು ಬೇಡವೆಂದು ತಲೆ ಅಲ್ಲಾಡಿಸಿದ.

ಬರುವಾಗ ದಾರಿಯುದ್ದಕ್ಕೂ ವುಬಿತ್‌ಳ ಹಾಡನ್ನು ಅವಳೇ ಹಾಡಿದಳು. ಚಪ್ಪಾಳೆ ತಟ್ಟದಿದ್ದರೆ ಬೈದಳು. ತಟ್ಟಿದೆವು. ಓಣಿಗೆ ಬಂದಾಗ ನನ್ನ ಮನೆಯ ಗೋಡೆಗೆ ಇದ್ದಿರ್ ಸಂಘದ ಡೇರೆ ಸುತ್ತಿ ಒರಗಿಸಿಟ್ಟಿದ್ದರು, ಕುರ್ಚಿಗಳು ಒಂದರ ಮೇಲೊಂದು. ಮದುವೆಗೂ ಅವೇ ಕುರ್ಚಿ, ಸಾವಿಗೂ ಅವೇ. ಅವಳು ನೋಡಿ ನನಗೆ ಕಣ್ಣು ಹೊಡೆದಳು.

"ಇಷ್ಟು ದೊಡ್ಡದಾಗಿ ಮಾಡ್ತಿದೀರಾ? ನನ್ನ ಮಗಳು ಏನು ರಾಣಿನಾ?"

ಆ ಸಂಜೆ ಸೊಸೆಯನ್ನು ಕೂರಿಸಿಕೊಂಡು ತಲೆಗೆ ಬೆಣ್ಣೆ ಹಚ್ಚಿಸಿ ಸಣ್ಣ ಸಣ್ಣ ಜಡೆ ಹಾಕಿಸಿಕೊಂಡಳಂತೆ. ಅತ್ತೆಯ ಬೆನ್ನ ಹಿಂದೆ ಕೂತಿದ್ದೊಂದೇ ತನ್ನ ಪುಣ್ಯ, ಕಣ್ಣೀರು ಕಾಣಲಿಲ್ಲ ಎಂದು ರೋಮಾನ್ ನನಗೆ ಆಮೇಲೆ ಹೇಳಿದಳು.

ಭಾನುವಾರ ಇನ್ನೂ ಮಬ್ಬು. ಹಿರಿಯರು ಬಿಳಿ ಶಾಲು ಹೊದ್ದು ಮುಂದೆ, ತವರಿನವರು ಹಿಂದೆ, ಹೆಂಗಸರು ಅವರ ಹಿಂದೆ. ಬಾಗಿಲು ತಟ್ಟಲೂ ಬೇಕಾಗಲಿಲ್ಲ. ಒಳಗಿನಿಂದ ಕಾಫಿ ಬೀಜ ಹುರಿದ ವಾಸನೆ ಬರುತ್ತಿತ್ತು. ನೆಲಕ್ಕೆ ಹಸಿ ಹುಲ್ಲು ಹಾಸಿದ್ದಳು, ಧೂಪ ಹಾಕಿದ್ದಳು. ಕಸೂತಿ ಅಂಚಿನ ಹಬ್ಬದ ಬಿಳಿ ಉಡುಪು ತೊಟ್ಟು, ಎರಡೂ ಕೈ ಚಾಚಿಕೊಂಡು ಹೊಸ್ತಿಲಿಗೆ ಬಂದಳು.

"ಎಲ್ಲಿ? ಎಲ್ಲಿ ಬಚ್ಚಿಟ್ಟಿದೀರ ಅವಳನ್ನ?"

ದೆಮಿಸ್ಸೆ ಮಾಮ ಎಷ್ಟೋ ಮನೆಗಳ ಹೊಸ್ತಿಲಲ್ಲಿ ನಿಂತು ಇಂಥ ಸುದ್ದಿ ಹೇಳಿದವನು. ಅಂಥವನೂ ಶಾಲಿನ ಅಂಚನ್ನು ಬಾಯಿಗೆ ಒತ್ತಿಕೊಂಡ. ಅವಳು ಅವನನ್ನು ಪಕ್ಕಕ್ಕೆ ಸರಿಸಿ ಜನರ ನಡುವೆ ನುಗ್ಗಿದಳು, ಹೆಂಗಸರ ಮುಖದ ಮೇಲಿನ ಶಾಲು ಒಂದೊಂದಾಗಿ ಎತ್ತಿ ನೋಡುತ್ತಾ ಹೋದಳು. ಒಂದು ಶಾಲಿನ ಕೆಳಗೆ ತವರಿನ ಅಕ್ಕ ಸಿಕ್ಕಳು. ಆ ಅಕ್ಕ ತಡೆಯಲಾರದೆ ಕಿರುಚಿದಳು, "ಹೋಗಿಬಿಟ್ಲು ಕಣೇ ಅಸ್ಕಾಲೆ! ನಮ್ಮ ವುಬಿತ್ ಹೋಗಿಬಿಟ್ಲು!"

ಹೆಂಗಸರೆಲ್ಲ ಎದೆ ಬಡಿದುಕೊಂಡು ಗೋಳಿಟ್ಟರು. ಅಸ್ಕಾಲೆ ಮಾತ್ರ ಅಳಲಿಲ್ಲ. ಎಂದಾಲೆಯನ್ನು ಕೇಳಿದಳು.

"ಯಾವಾಗ?"

"ಶುಕ್ರವಾರಮ್ಮ."

"ಶುಕ್ರವಾರ." ಅವಳು ನನ್ನ ಕಡೆ ತಿರುಗಿದಳು. "ಹಾಗಾದ್ರೆ ನಿನ್ನೆ ಆಗ್ಲೇ ನನ್ನ ಮಗಳು ಸತ್ತಿದ್ಲು. ನಾನು ಹಾಡಿದ್ನಲ್ಲೇ. ನೀವು ನನ್ನ ಬಾಯಿಗೆ ತುತ್ತು ಇಟ್ರಲ್ಲೇ, ನಾನು ತಿಂದ್ನಲ್ಲೇ."

ಯಾರಿಗೂ ಹಿಡಿಯಲು ಆಗಲಿಲ್ಲ. ಅವಳು ಅಂಗಳದ ಮೂಲೆಗೆ ಓಡಿ, ಮಂಡಿಯೂರಿ, ಗಂಟಲಿಗೆ ಎರಡು ಬೆರಳು ತುರುಕಿಕೊಂಡಳು. ಬರೀ ನೀರು ಬಂತು. ಮತ್ತೆ ತುರುಕಿಕೊಂಡಳು. ನಾನು ಹೋಗಿ ಬೆನ್ನು ಹಿಡಿದುಕೊಂಡೆ.

"ಬರ್ತಾ ಇಲ್ಲ ಫನಾಯೆ," ಎಂದಳು. "ತೆಗಿಯೇ. ನೀನೇ ಇಟ್ಟಿದ್ದಲ್ವಾ, ನೀನೇ ತೆಗಿ."