ಮಾತಾಡುವ ಕ್ಯಾಮರಾ

ಮನೆಗಳಿಗೆ ಸಿಸಿಟಿವಿ ಕ್ಯಾಮರಾ ಕೂರಿಸುವುದು ನನ್ನ ಕೆಲಸ. ನರಿಕೊಂಬಿನ ಒಂದು ಮನೆಗೆ ಸ್ಪೀಕರ್ ಇರುವುದನ್ನೇ ಹಾಕಿದ್ದೆ. ಯಜಮಾನರು ದುಬೈಯಲ್ಲಿ ಕೂತು ಮೊಬೈಲಿನಲ್ಲಿ ಮನೆ ನೋಡಬಹುದು, ಮಾತೂ ಆಡಬಹುದು. ಅವರು ನೋಡಿದ್ದಕ್ಕಿಂತ ಮಾತಾಡಿದ್ದೇ ಹೆಚ್ಚು.

ವಾರ ಕಳೆಯುವುದರೊಳಗೆ ಅವರ ಹೆಂಡತಿ ನನಗೆ ಫೋನ್ ಮಾಡಿ ಬರಹೇಳಿದರು. ನಾನು ಏಣಿ ಇಡುವಾಗಲೇ ಮೀನಿನವನ ಸ್ಕೂಟರ್ ಅಂಗಳಕ್ಕೆ ಬಂತು. ತಕ್ಷಣ ಗೋಡೆಯ ಮೇಲಿಂದ ದುಬೈ ಗುಡುಗಿತು: "ಬಂಗುಡೆ ತಾಜಾ ಉಂಟಾ? ಕಿವಿರು ಎತ್ತಿ ತೋರಿಸು ಮಾರಾಯ!" ಅವನು ಪಾಪ, ಮೀನನ್ನು ಕ್ಯಾಮರಾದ ಮೂತಿಗೇ ಹಿಡಿದ.

ಆ ಅಕ್ಕ ನನ್ನನ್ನು ಕ್ಯಾಮರಾ ಇಲ್ಲದ ಅಡುಗೆಮನೆಗೆ ಕರೆದು ಪಿಸುಗುಟ್ಟಿದರು: "ನೋಡುವುದಾದರೆ ನೋಡ್ಲಿ. ಮಾತಾಡುವುದನ್ನು ಮಾತ್ರ ನಿಲ್ಲಿಸಿ ಮಾರಾಯ್ರೆ." ನಾನು ಸ್ಪೀಕರಿನ ವಯರ್ ಕಿತ್ತು, ಪಾರ್ಟ್ ಹೋಗಿದೆ, ಇಲ್ಲಿ ಸಿಗುವುದಿಲ್ಲ ಎಂದು ದುಬೈಗೆ ತಿಳಿಸಿದೆ.

ಮೊನ್ನೆ ಯಜಮಾನರು ರಜೆಯಲ್ಲಿ ಬಂದರು, ಹೊಸ ಸ್ಪೀಕರನ್ನೂ ಹೊತ್ತು ತಂದರು. ನನ್ನನ್ನು ಕರೆಸಿ, ಏಣಿ ಎಲ್ಲಿಡಬೇಕು, ಸ್ಕ್ರೂ ಯಾವ ಕಡೆಗೆ ತಿರುಗಿಸಬೇಕು ಎಂದು ನನಗೇ ಪಾಠ ಶುರು ಮಾಡಿದರು. ಬಾಯಿ ಮುಚ್ಚುವ ಲಕ್ಷಣವೇ ಇರಲಿಲ್ಲ. ಚಹಾ ತಂದ ಅಕ್ಕ ಗಂಡನ ಕಡೆ ಕಣ್ಣು ಹಾಯಿಸಿ ಮೆಲ್ಲಗೆ ಕೇಳಿದರು: "ಇವರ ವಯರ್ ಎಲ್ಲಿ ಉಂಟು?"