ಕ್ಯಾಪ್ಟನ್ ಯಲ್ಲಾಲಿಂಗ

ಮುಂಬೈಯ ಲೋವರ್ ಪರೇಲಿನ ಒಂದು ದುಬಾರಿ ಸ್ಟೇಕ್‌ಹೌಸಿನಲ್ಲಿ ಯಲ್ಲಾಲಿಂಗ ಕ್ಯಾಪ್ಟನ್, ಅಂದರೆ ವೇಟರುಗಳ ಮುಖ್ಯಸ್ಥ. ಆರ್ಡರು ತೆಗೆದುಕೊಳ್ಳುವವನೂ ಅವನೇ, ಗಿರಾಕಿಗೆ ಏನು ಬೇಕೆಂದು ತೀರ್ಮಾನಿಸುವವನೂ ಅವನೇ. ಆಂಟಾಪ್ ಹಿಲ್‌ನ ಮನೆಯಲ್ಲಿ ಜೋಳದ ರೊಟ್ಟಿ ಉಂಡು ಬರುವ ಈ ಮನುಷ್ಯ ಮಾಂಸವನ್ನಾಗಲಿ ಮದ್ಯವನ್ನಾಗಲಿ ಬಾಯಿಗಿಟ್ಟವನಲ್ಲ. ಆದರೂ ಕಾಕ್‌ಟೇಲ್‌ಗಳನ್ನು ಸ್ವಂತ ಸೋದರಮಾವಂದಿರ ಹಾಗೆ ಪರಿಚಯಿಸುತ್ತಾನೆ: "ಇವರು ಸ್ವಲ್ಪ ಕಹಿ ಸರ್, ಮನಸ್ಸು ಮಾತ್ರ ಒಳ್ಳೇದು." ಸ್ಟೇಕಿನ ಮಾಂಸದ ತುಂಡು ಎಷ್ಟು ಬೇಯಬೇಕೆಂದು ಹೇಳಲು ಯಾರಾದರೂ ತಡವರಿಸಿದರೆ ಮುಖ ನೋಡಿಯೇ ಬರೆದುಕೊಳ್ಳುತ್ತಾನೆ. ಮೊನ್ನೆ ವೈಶಾಲಿ ಎಂಬವಳು ಪ್ರಮೋಷನ್ ಸಿಕ್ಕ ಖುಷಿಗೆ ತನ್ನ ಬಾಸನ್ನೂ ಆಫೀಸಿನವರನ್ನೂ ಕರೆತಂದಿದ್ದಳು. ಜೊತೆಗೆ ಧಾರವಾಡದಿಂದ ಬಂದಿದ್ದ ತಾಯಿ ರಾಚವ್ವ. ಎಲ್ಲರೂ ನಡುವಿನ ತಟ್ಟೆಯಿಂದ ಸುಟ್ಟ ಪನೀರು, ಅಣಬೆ ಹಂಚಿಕೊಳ್ಳುತ್ತಿದ್ದರೆ ರಾಚವ್ವ ಮಾತ್ರ ಸೆರಗಿನೊಳಗೆ ಕೈ ಮುಚ್ಚಿಕೊಂಡು ಕೂತಿದ್ದಳು. ಇಳಕಲ್ ಸೀರೆ ಕಂಡ ಯಲ್ಲಾಲಿಂಗ ಮೆಲ್ಲಗೆ ಬಗ್ಗಿ, "ಯಾಕ್ರೀ ಯವ್ವಾ, ಏನೂ ತಿನ್ನವಲ್ರಿ?" ಎಂದ. "ಈ ಫೋರ್ಕು-ಗೀರ್ಕು ಹಿಡ್ಯಾಕ ನನಗ ಬರೂದಿಲ್ಲಪಾ. ಎಲ್ಲಾರ ಮುಂದ ಮಗಳ ಮರ್ಯಾದಿ ಹೋದೀತು" ಎಂದು ಅವಳು ಪಿಸುಗುಟ್ಟಿದಳು. ಅವನು ನೆಟ್ಟಗೆ ನಿಂತು, "ಸಾರಿ, ಹೇಳೋದು ಮರೆತೆ. ಈ ಸ್ಟಾರ್ಟರನ್ನ ಕೈಯಿಂದಲೇ ತಿನ್ನಬೇಕು, ನಮ್ಮ ಶೆಫ್ ಕಡೆಯಿಂದ ಸ್ಟ್ರಿಕ್ಟ್ ಆರ್ಡರ್" ಎಂದು ಮೇಜಿಗೆಲ್ಲ ಸಾರಿ, ಫೋರ್ಕುಗಳನ್ನೆಲ್ಲ ಎತ್ತಿಕೊಂಡು ಹೊರಟೇಬಿಟ್ಟ. ಬಾಸ್ ನಗುತ್ತ ಅಂಗಿಯ ತೋಳು ಮಡಚಿದರು. ರಾಚವ್ವ ಸೆರಗಿನಿಂದ ಕೈ ಹೊರತೆಗೆದಳು.