ಅವ್ವನ ಬಾದಾಮಿ ಪುಡ್ಡಿಂಗ್

ಸಿಂಗಪುರದ ಸೆಂಗ್‌ಕಾಂಗ್ ಬಡಾವಣೆಯ ನಮ್ಮ ಫ್ಲಾಟಿನ ಓವನ್ನಿನಲ್ಲಿ ಅಲ್ಲಿಯವರೆಗೆ ಏನೂ ಬೆಂದಿರಲಿಲ್ಲ. ಬಾಣಲೆ, ರೊಟ್ಟಿ ಹಂಚು, ಹಳೇ ಡಬ್ಬಿ ತುಂಬಿಡಲು ಅದೊಂದು ಕಪಾಟು, ಅಷ್ಟೇ. ಧಾರವಾಡದಿಂದ ಬಂದಿದ್ದ ಅವ್ವ, ಇನ್ನೇನು ವಾಪಸು ಹೊರಡಬೇಕು ಎನ್ನುವಾಗ ಅದರ ಬಾಗಿಲು ತೆಗೆದು ನೋಡಿ, "ಇದರಾಗ ಬಾದಾಮಿ ಪುಡ್ಡಿಂಗ್ ಮಾಡಬಹುದಲ್ಲ?" ಎಂದಳು. ಅವಳು ಚಿಕ್ಕವಳಿದ್ದಾಗ ಪಕ್ಕದ ಮಿಶನ್ ಬಂಗಲೆಯ ಇಂಗ್ಲಿಷ್ ಟೀಚರಮ್ಮ ಮಾಡುತ್ತಿದ್ದರಂತೆ. ಕೆಳಗೆ ಜಾಮ್, ಮೇಲೆ ಬಾದಾಮಿ, ವಿಕ್ಟೋರಿಯಾ ರಾಣಿ ಕಾಲದ ತಿನಿಸಂತೆ. "ಮತ್ತ ಇಲ್ಲಿಗೆ ಬರೂದು ಆಗ್ತದೋ ಇಲ್ಲೋ. ಒಮ್ಮೆ ತಿಂದು ಹೋಗಬೇಕಂತ ಆಸೆ." ಇಡೀ ಸಿಂಗಪುರ ಸುತ್ತಿಸಿದರೂ ಏನೂ ಬೇಡದವಳು ಕೇಳಿದ್ದು ಇದೊಂದೇ.

ಇಂಟರ್‌ನೆಟ್ಟಿನಲ್ಲಿ ಹುಡುಕಿ ಪ್ರಿಂಟ್ ತೆಗೆದೆ. ಶುರುವಿಗೇ ಮೊಟ್ಟೆ! ನಮ್ಮದು ಲಿಂಗಾಯತರ ಮನೆ, ಮೊಟ್ಟೆ ಹೊಸ್ತಿಲು ದಾಟಿದ್ದೇ ಇಲ್ಲ. ಕಾಲೇಜಿನಲ್ಲಿದ್ದಾಗ ಗೆಳತಿಯ ಹುಟ್ಟುಹಬ್ಬದ ಕೇಕ್ ತಿಂದು ಬಂದ ನನ್ನನ್ನು ಬಾಗಿಲಲ್ಲೇ ತಡೆದು, ತಲೆ ಮೇಲೆ ನೀರು ಹಾಕಿಕೊಂಡೇ ಒಳಗೆ ಬಾ ಎಂದಿದ್ದವಳು ಇದೇ ಅವ್ವ. ಹಾಗಾಗಿ ಮೊಟ್ಟೆಯ ಬದಲು ಮೊಸರು, ಸೋಡಾ ಹಾಕುವುದೆಂದು ನಾನೇ ತೀರ್ಮಾನಿಸಿದೆ.

ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಬಾದಾಮಿಯನ್ನೆಲ್ಲ ನೆನೆಹಾಕಿ, ಸಿಪ್ಪೆ ಸುಲಿದು ಇಟ್ಟಿದ್ದಾಳೆ.

"ಅವ್ವಾ, ಒಣಾ ಪುಡಿ ಬೇಕಿತ್ತಲ್ಲ!"

"ನೆನಸಲಾರದ ಬಾದಾಮಿ ಯಾರ ತಿಂತಾರ? ಉಷ್ಣ."

ರುಬ್ಬಿದರೆ ದೋಸೆ ಹಿಟ್ಟಿನಂತಾಯಿತು. ಬೇಯಿಸಿದರೆ ನಡುವೆ ಕುಸಿದು ಕೂತಿತು. ಪಕ್ಕದ ಬಡಾವಣೆ ಹೌಗಾಂಗ್‌ವರೆಗೆ ಓಡಿ ಬಾದಾಮಿ ಪುಡಿ ತಂದೆ. ಅದರಲ್ಲಿ ಮಾಡಿದ್ದು ಕಲ್ಲಾಯಿತು. ಹಾಳಾಗಿ ಹೋಗಲಿ ಎಂದು ಬಾಳೆಹಣ್ಣು ಕಿವುಚಿ ಹಾಕಿದೆ, ಅದು ಶಿರಾ ಆಯಿತು. ಪ್ರತಿ ಸಲವೂ ಅವ್ವ ಒಂದು ಚಮಚ ಬಾಯಿಗಿಟ್ಟು, "ಚಲೋ ಐತಿ. ಆದ್ರ ಅದಲ್ಲ" ಎನ್ನುವಳು. ನನಗೆ ತಲೆ ಕೆಟ್ಟುಹೋಯಿತು. ಮೈಯೆಲ್ಲ ಬೆವರು, ಸಿಂಕ್ ತುಂಬ ಪಾತ್ರೆ.

ಶಾಲೆಯಿಂದ ಬಂದ ಮಗಳು ಪ್ರಿಂಟ್ ಓದಿ, "ಮಮ್ಮಿ, ಎಗ್ ಇಲ್ದೆ ಕ್ಯಾನಾಟ್ ಲಾ!" ಎಂದು ತನ್ನ ಸಿಂಗಪುರದ ಇಂಗ್ಲಿಷಿನಲ್ಲಿ ಕೂಗಿದಳು.

"ಬಾಯ್ಮುಚ್ಚು! ಅಜ್ಜಿ ಇದಾರೆ" ಎಂದು ಗದರಿದೆ.

ಅವ್ವ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದಳು. "ಆಕಿ ಹೇಳೂದು ಖರೆ ಐತಿ. ಅದಕ್ಕ ತತ್ತಿ ಬೇಕ. ಟೀಚರಮ್ಮಗ ನಾನ ಒಡದು ಕಡದು ಕೊಡತಿದ್ದೆ."

"ಮತ್ತ ಮುಂಜಾನಿಂದ ಯಾಕ ಸುಮ್ನಿದ್ದಿ?"

"ನನ್ನ ಬಾಯಿಂದ ಹೆಂಗ ಹೇಳ್ಲಿ? ನಿನಗ ತಿಳೀತದ ಅನ್ಕೊಂಡೆ."

ಸಿಟ್ಟು ನೆತ್ತಿಗೇರಿತು. ಅದೇ ಸಿಟ್ಟಿನಲ್ಲಿ ಬ್ಲಾಕಿನ ಕೆಳಗಿನ ಅಂಗಡಿಯಿಂದ ಮೊಟ್ಟೆ ತಂದೆ. ಒಡೆಯಲು ಹೋದರೆ ಚಿಪ್ಪೆಲ್ಲ ಬಟ್ಟಲಿಗೆ ಬಿತ್ತು. ಅವ್ವ ಇನ್ನೊಂದು ಮೊಟ್ಟೆಯನ್ನು ನನ್ನ ಕೈಯಿಂದ ಕಿತ್ತುಕೊಂಡು, ಅಂಚಿಗೆ ಟಕ್ ಎಂದು ಬಡಿದು, ಒಂದೇ ಕೈಯಲ್ಲಿ ಒಡೆದಳು.

ಓವನ್ನಿನಿಂದ ತೆಗೆದ ಬಿಸಿ ಬಿಸಿ ತುಂಡು ಬಾಯಿಗಿಟ್ಟವಳು ಕಣ್ಣು ಮುಚ್ಚಿದಳು. "ಇದ. ಇದ ನೋಡು." ನನ್ನ ಕಣ್ಣು ತುಂಬಿ ಬಂತು. ನಾನೂ ಒಂದು ತುಂಡು ತಿಂದೆ. ನಿಜಕ್ಕೂ ರುಚಿಯಾಗಿತ್ತು.

ನಾನು ಕೈ ತೊಳೆದಿದ್ದೇ ತಡ, "ಈಗ ನಡಿ, ತಲಿ ಮ್ಯಾಲೆ ನೀರ್ ಹಾಕ್ಕೊ. ದೇವರ ಮುಂದ ದೀಪಾ ಹಚ್ಚೂದೈತಿ" ಎಂದಳು.

"ಮತ್ತ ನೀನು?"

"ನಾ ಆಮ್ಯಾಲೆ. ಇನ್ನೂ ಒಂದ್ ತುಂಡು ಉಳದೈತಲ್ಲ."